ಇಸವಿ ಅಳಿಸಿಹೋದ ರೂಪಾಯಿ

ಎರಡು ವರ್ಷದ ಹಿಂದೆ ನಮ್ಮ ಆಯಿಯ, ಅಂದರೆ ಅಜ್ಜಿಯ, ಹಿತ್ತಾಳೆ ಡಬ್ಬಿ ಹಿಡಿದುಕೊಂಡು ಕಲಬುರಗಿಯ ಸರಾಫ್ ಬಜಾರಿಗೆ ಹೋಗಿದ್ದೆ. ಊರಮನೆಯ ಮಾಳಿಗೆ ಸೋರುತ್ತಿತ್ತು. ಅದನ್ನು ಸರಿಮಾಡಿಸಲು ರೊಕ್ಕ ಬೇಕಿತ್ತು. ಡಬ್ಬಿಯಲ್ಲಿ ಹನ್ನೊಂದು ಬೆಳ್ಳಿ ರೂಪಾಯಿ ಇದ್ದವು, ಹೆಚ್ಚಿನವು ಹೈದರಾಬಾದ್ ನಿಜಾಮರ ಕಾಲದವು; ನಾಲ್ಕು ತಾಮ್ರದ ಬಿಲ್ಲೆ ಇದ್ದವು. ಅಂಗಡಿಯವರು ಒಂದೊಂದೇ ರೂಪಾಯಿ ಎತ್ತಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ನೋಡಿ ಎರಡು ಗುಂಪು ಮಾಡಿದರು. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎಂಟು. ತಾಮ್ರದವನ್ನು ಮುಟ್ಟಲೇ ಇಲ್ಲ. ‘ಈ ಮೂರಕ್ಕ ಇಸ್ವಿ ಅದ, ಗಿರಾಕಿ ಸಿಗ್ತಾರ. ಇವಕ್ಕ ಇಸ್ವಿ ಇಲ್ರೀ ಅಕ್ಕೋರ. ಇಸ್ವಿ ಹೋಯ್ತಂದ್ರ ಬರೇ ಬೆಳ್ಳಿ ನೋಡ್ರಿ, ತೂಕಕ್ಕ ಹಾಕ್ತೀನಿ’ ಅಂದರು. ಹಾಗನ್ನುತ್ತಲೇ ಎಂಟನ್ನೂ ಒಟ್ಟಿಗೆ ತಕ್ಕಡಿಗೆ ಸುರಿದರು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಅವರು ಹಾಕಿದ ಲೆಕ್ಕ ನನಗೆ ತಿಳಿಯಿತು. ಆದರೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಚಾರ್ಮಿನಾರ್ ಇದೆ, ಸುತ್ತ ಅಕ್ಷರ ಇವೆ, ಅಂಚಿನ ಗೆರೆ ಇವೆ. ನಾಲ್ಕು ಅಂಕಿ ಹೋದ ಮಾತ್ರಕ್ಕೆ ರೂಪಾಯಿ ಅನ್ನುವುದು ಬರೀ ಬೆಳ್ಳಿಯಾಗಿಬಿಡುತ್ತದಾ? ಅವತ್ತು ಏನನ್ನೂ ಮಾರದೆ ಡಬ್ಬಿ ಮುಚ್ಚಿಕೊಂಡು ಸೂಪರ್ ಮಾರ್ಕೆಟ್ ತನಕ ನಡೆದುಕೊಂಡೇ ಬಂದೆ. ಆ ಅಂಗಡಿಯವರ ಮೇಲೆ ನನಗೆ ಸಿಟ್ಟೇನಿಲ್ಲ. ಅವರ ಕಸುಬು ಬೆಳ್ಳಿ, ಬೆಳ್ಳಿಯ ದರ ಹೇಳಿದರು. ಆದರೆ ಆ ಮಾತಿನ ಬೆನ್ನು ಹತ್ತಿ ನಾನು ಎರಡು ವರ್ಷ ಕಳೆದಿದ್ದೇನೆ. ಸುಮಾರು ಓದಿದೆ, ತಿಳಿದವರನ್ನು ಕೇಳಿದೆ, ಕೊನೆಗೆ ಕೆಲವನ್ನು ಮಾರಿದೆ ಕೂಡ.

ಹುಣಸೆಹಣ್ಣು, ಒಲೆಯ ಬೂದಿ

ಇಸವಿ ಹೇಗೆ ಹೋಯಿತು ಅನ್ನೋದು ನನಗೆ ಗೊತ್ತು. ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ, ನೀರು ಹಾಕಿ ನಾನೂ ಕೈಜೋಡಿಸಿದ್ದೇನೆ.

ನಮ್ಮೂರು ಚಿತ್ತಾಪುರ ತಾಲ್ಲೂಕಿನಲ್ಲಿ ಕಾಗಿಣಾ ಹೊಳೆಯ ಬದಿಗಿದೆ. ದೀಪಾವಳಿ ಅಮಾವಾಸ್ಯೆಯ ಹಿಂದಿನ ಸಂಜೆ ಆಯಿ ಅಂಗಳದ ಪರ್ಸಿಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು ನೆನೆಸಿದ ಹುಣಸೆಹಣ್ಣು, ಜರಡಿ ಹಿಡಿದ ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು. ನನಗೆ ಏಳೆಂಟು ವರ್ಷ ಇರಬೇಕು. ತಂಬಿಗೆ ಹಿಡಿದು ನೀರು ಹಾಕುವುದು ನನ್ನ ಕೆಲಸ. ಆಯಿ ಒಂದು ರೂಪಾಯಿಯನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈ ಹೆಬ್ಬೆರಳಿನಿಂದ ತಿಕ್ಕಲು ಶುರುಮಾಡಿದರೆ ಅದು ಕನ್ನಡಿಯಾಗುವ ತನಕ ಬಿಡುತ್ತಿರಲಿಲ್ಲ. ಸಾಕು ಬಿಡು ಆಯಿ ಅಂದರೆ, ‘ಲಕ್ಷ್ಮಿ ಮಾರಿ ತೊಳೀಬೇಕವ್ವ, ವರ್ಷಕ್ಕೊಮ್ಮೆರ’ ಅನ್ನುತ್ತಿದ್ದಳು. ಮಾರನೇ ದಿನ ಆ ರೂಪಾಯಿಗಳೇ ನಮ್ಮ ಮನೆಯ ಲಕ್ಷ್ಮಿ. ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಏರಿಸಿ, ಚೆಂಡುಹೂವಿನ ಎಸಳು ಹಾಕುತ್ತಿದ್ದಳು. ಯಾವಾಗಲೂ ಚಾರ್ಮಿನಾರ್ ಇರುವ ಬದಿಯೇ ಮೇಲೆ. ಆ ಬದಿಗೆ ಅವಳು ‘ನಾಕ್ ಕಂಬದ ಬಾಜು’ ಅನ್ನುತ್ತಿದ್ದಳು. ದೇವರಿಗೆ ಕಾಣುವ ಬಾಜು ಅದು, ಹಾಗಾಗಿ ಜಾಸ್ತಿ ತಿಕ್ಕುತ್ತಿದ್ದದ್ದೂ ಅದನ್ನೇ. ಕೆಳಗಿನ ಬದಿಗೆ ಎರಡು ಸುತ್ತು ಬೂದಿ, ಮುಗೀತು. ಈ ಸಣ್ಣ ಸಂಗತಿ ಮುಂದೆ ನನಗೆ ಬಹಳ ಉಪಕಾರಕ್ಕೆ ಬಂತು, ಆಮೇಲೆ ಹೇಳುತ್ತೇನೆ.

ಹನ್ನೊಂದರಲ್ಲಿ ಎರಡು ಕಲ್ದಾರ ರೂಪಾಯಿ, ಐದನೇ ಜಾರ್ಜ್ ದೊರೆಯ ಮುಖ ಇರುವ 1918ರವು. ಅವು ಪೂಜೆಗೆ ಬರುತ್ತಿರಲಿಲ್ಲ. ‘ಆ ಗೋರಾನ ಮಾರಿಗಿ ಯಾರ್ ಕುಂಕುಮ ಹಚ್ಚಬೇಕು’ ಅಂತ ಆಯಿ ಅವನ್ನು ಸುಮ್ನೆ ನೀರಲ್ಲಿ ಅದ್ದಿ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಸರಾಫ್ ಬಜಾರಿನಲ್ಲಿ ಇಸವಿ ಉಳಿಸಿಕೊಂಡು ಗೆದ್ದ ಮೂರರಲ್ಲಿ ಎರಡು ಅವೇ. ಮೂರನೆಯದು ಒಂದು ಚಾರ್ಮಿನಾರ್ ರೂಪಾಯಿ. ಅದು ಎಷ್ಟೋ ವರ್ಷ ಯಾವುದೋ ಟ್ರಂಕಿನ ಮೂಲೆಯಲ್ಲಿ ಸೇರಿಕೊಂಡು ಆಯಿಯ ಕೈಗೆ ಸಿಗದೆ ಉಳಿದಿತ್ತು. ಉಳಿದ ಎಂಟರಲ್ಲಿ ಎರಡಕ್ಕೆ ಯಾವ ಕಾಲದಲ್ಲೋ ಸರಕ್ಕೆ ಹಾಕಲು ಕೊಂಡಿ ಬೆಸೆದು ಆಮೇಲೆ ಕಿತ್ತ ಗುರುತಿದೆ. ಬೆಸುಗೆಯ ಮಚ್ಚೆ ಅಂಕಿಯ ಮೇಲೆಯೇ ಕೂತಿದೆ. ಮಿಕ್ಕ ಆರು ಬೂದಿಗೆ ಸವೆದವು.

ಹಳೇ ನಾಣ್ಯವನ್ನು ತಿಕ್ಕಬಾರದು ಅಂತ ಸಂಗ್ರಹ ಮಾಡುವವರೆಲ್ಲ ಹೇಳುತ್ತಾರೆ. ಹೊಳಪು ಬಂದರೆ ಬೆಲೆ ಇಳಿಯುತ್ತದೆ. ಬೆಳ್ಳಿಯ ಕಪ್ಪು, ತಾಮ್ರದ ಕಂದು ಬಣ್ಣ ಹಾಗೇ ಇರಬೇಕು. ಇದು ಸರಿಯಾದ ಮಾತೇ. ನಿಮ್ಮ ಮನೆಯಲ್ಲಿ ಇಂಥವಿದ್ದರೆ ದಯವಿಟ್ಟು ತಿಕ್ಕಬೇಡಿ. ಆದರೆ ಆಯಿಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ ಅಂತ ನನಗೆ ಗೊತ್ತು.

ಹಾಲಿ ಏಳು, ಕಲ್ದಾರ ಆರು

ಈ ಕಡೆಯವರಿಗೆ ಹಾಲಿ ಸಿಕ್ಕಾ ಅಂದರೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮುತ್ಯಾ, ಅಂದರೆ ಅಜ್ಜ, ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟಿದ್ದ. ನಿಜಾಮರ ಹಾಲಿ ರೂಪಾಯಿ, ಇಂಗ್ಲಿಷರ ಕಲ್ದಾರ ಎರಡೂ ಅವನ ಗಲ್ಲಾದಲ್ಲಿ ಬೀಳುತ್ತಿದ್ದವು. ‘ಹಾಲಿ ಏಳು, ಕಲ್ದಾರ ಆರು’ ಅನ್ನೋದು ಅವನ ಬಾಯಲ್ಲಿ ಮಗ್ಗಿಯ ಹಾಗೆ ಇತ್ತು. ನಾನು ಇದನ್ನು ಸರ್ಕಾರ ಗೊತ್ತು ಮಾಡಿದ ದರ ಅಂತ ಮಾತ್ರ ತಿಳಿದಿದ್ದೆ. ಡಬ್ಬಿ ಹಿಡಿದು ಮನೆಗೆ ಬಂದ ರಾತ್ರಿ ಕೂತು ಲೆಕ್ಕ ಹಾಕಿದೆ. ಚಾರ್ಮಿನಾರ್ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ ನೂರಕ್ಕೆ 81.8. ಅಂದರೆ 9.14 ಗ್ರಾಂ ಬೆಳ್ಳಿ. ಕಲ್ದಾರದ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ 10.69 ಗ್ರಾಂ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.855. ಏಳರಲ್ಲಿ ಆರು ಪಾಲು ಅಂದರೆ 0.857. ನನಗೆ ಮೈ ಜುಂ ಅಂದಿತು. ಮುತ್ಯಾನ ಮಗ್ಗಿ ಬೆಳ್ಳಿಯೊಳಗೇ ಇತ್ತು!

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಣ್ಣ ತೂಕಕ್ಕೆ ಆಗುವುದಿಲ್ಲ, ಹಾಗಾಗಿ ಶಾಲೆಯ ಲ್ಯಾಬಿನಲ್ಲಿ ತೂಗಿದೆ. ಆಯಿ ತಿಕ್ಕಿದ ರೂಪಾಯಿಗಳಲ್ಲಿ ಬಹಳ ಸವೆದದ್ದು 10.7 ಗ್ರಾಂ ಬಂತು. ಹತ್ತಿರ ಹತ್ತಿರ ಅರ್ಧ ಗ್ರಾಂ ಅಂಗಳದ ಪರ್ಸಿಯ ಮೇಲೆ ಹರಿದು ಕಾಗಿಣೆಗೆ ಹೋಗಿದೆ. ತೂಕದ ಲೆಕ್ಕದಲ್ಲಿ ಇಸವಿಗೆ ಇಷ್ಟೇ ಬೆಲೆ. ನಾಣ್ಯ ಕೊಳ್ಳುವವರ ಲೆಕ್ಕದಲ್ಲಿ ಅದಕ್ಕೆ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಯಾಕೆ ಅಂದರೆ ಅವರು ಕೊಳ್ಳೋದು ವರ್ಷವನ್ನು. ಒಬ್ಬ ಅರಸನ ಪ್ರತಿ ವರ್ಷದ ರೂಪಾಯಿಯೂ ಬೇಕು ಅಂತ ಹಟ ಹಿಡಿದವರಿಗೆ ಇಸವಿ ಕಾಣದ ರೂಪಾಯಿ ಯಾವ ಮನೆಯಲ್ಲೂ ಕೂರುವುದಿಲ್ಲ. ಕೆಲವು ವರ್ಷ ಟಂಕಸಾಲೆ ಕಡಿಮೆ ಹೊಡೆದಿರುತ್ತದೆ, ಆ ವರ್ಷದ್ದಕ್ಕೆ ಬೆಲೆ ಏರುತ್ತದೆ. ಇಸವಿ ಇಲ್ಲದ್ದು ಆ ಅಪರೂಪದ ವರ್ಷದ್ದೇ ಆಗಿದ್ದರೂ ತೋರಿಸಿಕೊಳ್ಳಲು ಆಗುವುದಿಲ್ಲ.

ಉರ್ದು ಮೇಷ್ಟ್ರ ಭೂತಗನ್ನಡಿ

ನಮ್ಮ ಶಾಲೆಯ ಉರ್ದು ಮೇಷ್ಟ್ರು ನಿವೃತ್ತಿಗೆ ಹತ್ತಿರ ಬಂದವರು. ಒಂದು ದಿನ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೇಜಿನ ಮೇಲೆ ಎಂಟೂ ರೂಪಾಯಿ ಸಾಲಾಗಿ ಇಟ್ಟೆ. ಅವರು ಟಿಫಿನ್ ಡಬ್ಬಿ ಬದಿಗೆ ಸರಿಸಿ, ಕೈ ತೊಳೆದು ಬಂದು, ವಿಜ್ಞಾನದ ಟೀಚರ್ ಹತ್ತಿರ ಭೂತಗನ್ನಡಿ ತರಿಸಿಕೊಂಡರು. ಮೊದಲನೇ ನಾಣ್ಯದ ಚಾರ್ಮಿನಾರ್ ಬದಿ ನೋಡಿ, ‘ಇಸ್ವಿ ಹೋಗ್ಯದ ಮೇಡಂ’ ಅಂದರು. ಮತ್ತೆ ಅದೇ ಮಾತು ಅಂತ ನನಗೆ ಬೇಜಾರಾಯಿತು. ಅವರು ತಲೆ ಎತ್ತದೆ, ‘ಆದ್ರ ಬಾಗಿಲದಾಗ ಅಕ್ಷರ ಅದ ನೋಡ್ರಿ’ ಅಂದರು.

ಚಾರ್ಮಿನಾರಿನ ನಡುವಿನ ಕಮಾನಿನೊಳಗೆ ಒಂದೇ ಒಂದು ಅಕ್ಷರ ಇರುತ್ತದೆ. ಅದು ‘ಮೀಮ್’ ಆಗಿದ್ದರೆ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ರೂಪಾಯಿ, ‘ಐನ್’ ಆಗಿದ್ದರೆ ಏಳನೆಯವರಾದ ಮೀರ್ ಉಸ್ಮಾನ್ ಅಲಿ ಖಾನರದ್ದು. ಹೆಸರಿನ ಮೊದಲ ಅಕ್ಷರ ಅದು. ಹುಟ್ಟಿದಾಗಿನಿಂದ ಈ ರೂಪಾಯಿ ನೋಡಿದ್ದೇನೆ. ಬಾಗಿಲಲ್ಲಿ ಏನೋ ಕೊಕ್ಕೆ ಇದೆ ಅಂತ ಅಂದುಕೊಂಡಿದ್ದೆನೇ ಹೊರತು ಅದು ಒಬ್ಬ ಅರಸನ ಹೆಸರು ಅಂತ ಗೊತ್ತಿರಲಿಲ್ಲ. ನಮ್ಮ ಎಂಟರಲ್ಲಿ ಏಳು ಐನ್, ಒಂದು ಮೀಮ್. ಮಹಬೂಬ್ ಅಲಿ ಖಾನರು ತೀರಿಕೊಂಡದ್ದು 1911ರಲ್ಲಿ. ಚಾರ್ಮಿನಾರ್ ಇರುವ ರೂಪಾಯಿ ಶುರುವಾದದ್ದು 20ನೇ ಶತಮಾನದ ಮೊದಲ ವರ್ಷಗಳಲ್ಲಿ. ಹಾಗಾದರೆ ಆ ಮೀಮ್ ರೂಪಾಯಿ ಹುಟ್ಟಿದ್ದು ಆ ನಡುವಿನ ಎಂಟು ಹತ್ತು ವರ್ಷದೊಳಗೆ. ಒಂದು ಅಂಕಿಯೂ ಓದದೆ ಇಷ್ಟು ತಿಳಿಯಿತು.

ಆಮೇಲೆ ಮೇಷ್ಟ್ರು ರೂಪಾಯಿಯನ್ನು ಮಗುಚಿದರು. ಆಯಿ ಜಾಸ್ತಿ ತಿಕ್ಕದ ಬದಿ ಅದು. ಅಲ್ಲಿ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಅನ್ನೋದನ್ನು ಬರೆದಿರುತ್ತಾರೆ, ಸನ್ ಜುಲೂಸ್ ಅಂತ. ಅವರು ಪೆನ್ನಿನ ತುದಿಯಿಂದ ತೋರಿಸಿದರು: ಒಂದು ಗೀಟು, ಪಕ್ಕದಲ್ಲಿ ಮೂರು ಹಲ್ಲಿನ ಒಂದು ಅಂಕಿ. 13. ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದದ್ದು ಹಿಜರಿ 1329ರಲ್ಲಿ. ಹದಿಮೂರನೇ ವರ್ಷ ಅಂದರೆ 1341 ಮುಗಿದು 1342 ಹಿಡಿಯುವ ಹೊತ್ತು. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ನಮ್ಮ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಅವರ 33 ವರ್ಷ ನಮ್ಮ 32ಕ್ಕೆ ಸಮ. 1342ನ್ನು 33ರಿಂದ ಭಾಗಿಸಿ, ಬಂದ 40ನ್ನು ಚಿಲ್ಲರೆ ಸಮೇತ 1342ರಲ್ಲಿ ಕಳೆದು, ಹಿಜರಿ ಶುರುವಾದ 622 ಕೂಡಿಸಿದರೆ 1923. ಕರಿಹಲಗೆ ಇಲ್ಲದ್ದಕ್ಕೆ ನಾನು ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲೇ ಲೆಕ್ಕ ಮಾಡಿದೆ. ಇಸವಿ ಇಲ್ಲ, ಬರೀ ಬೆಳ್ಳಿ ಅನ್ನಿಸಿಕೊಂಡ ರೂಪಾಯಿಗೆ ಇಸವಿ ಸಿಕ್ಕಿತು! ಮೇಷ್ಟ್ರು ನನಗಿಂತ ಖುಷಿಯಾಗಿದ್ದರು. ಟಿಫಿನ್ ಡಬ್ಬಿ ಹಾಗೇ ಉಳಿಯಿತು, ಬೆಲ್ ಹೊಡೆಯಿತು.

ಎಂಟರಲ್ಲಿ ಐದಕ್ಕೆ ಹೀಗೆ ಜುಲೂಸ್ ಅಂಕಿ ಸಿಕ್ಕಿತು. ಮೂರಕ್ಕೆ ಎರಡೂ ಕಡೆ ಹೋಗಿತ್ತು. ಅವತ್ತೇ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಈ ರೂಪಾಯಿಗಳ ಮೇಲೆ 92 ಅನ್ನೋ ಅಂಕಿ ಇರುತ್ತದೆ, ಅದನ್ನು ಇಸವಿ ಅಂತ ತಿಳಿಯಬಾರದು. ಅರಬಿ ಅಕ್ಷರಗಳಿಗೆ ಒಂದೊಂದು ಅಂಕಿ ಕೊಡುವ ಲೆಕ್ಕ ಇದೆ. ಅದರಲ್ಲಿ ಮುಹಮ್ಮದ್ ಅನ್ನೋ ಹೆಸರು ಕೂಡಿಸಿದರೆ 40, 8, 40, 4, ಒಟ್ಟು 92. ಇದನ್ನೇ ಹಿಡಿದು ‘1892ರ ಅಪರೂಪದ ರೂಪಾಯಿ’ ಅಂತ ಮಾರಲು ಇಟ್ಟವರನ್ನು ನಾನು ಆಮೇಲೆ ಫೇಸ್‌ಬುಕ್‌ನಲ್ಲಿ ನೋಡಿದೆ. ಆ ಕಾಲಕ್ಕೆ ಚಾರ್ಮಿನಾರ್ ರೂಪಾಯಿ ಇನ್ನೂ ಹುಟ್ಟಿರಲೇ ಇಲ್ಲ.

ಅಳಿದ ಇಸವಿ, ಬಾರದ ಇಸವಿ

ನಾಲ್ಕು ತಾಮ್ರದ ಬಿಲ್ಲೆಗಳ ಕಥೆ ಬೇರೆ. ಅವು ಮುತ್ಯಾನ ಗಲ್ಲಾಪೆಟ್ಟಿಗೆಯ ತಳದಲ್ಲಿದ್ದವು. ಹೊಲದಲ್ಲಿ ಸಿಕ್ಕಿದ್ದನ್ನು ಯಾರೋ ತಂದುಕೊಟ್ಟು ಬೆಲ್ಲವೋ ಸೀಮೆಎಣ್ಣೆಯೋ ಒಯ್ದಿರಬೇಕು. ದಪ್ಪ ದಪ್ಪ, ಅಂಕುಡೊಂಕು, ಎರಡೂ ಬದಿ ಅರ್ಧಂಬರ್ಧ ಅಕ್ಷರ. ಉರ್ದು ಮೇಷ್ಟ್ರು ನೋಡಿ ಬಹಮನಿ ಇರಬೇಕು ಅಂದರು. ಇಸವಿ ಒಂದರಲ್ಲೂ ಇಲ್ಲ.

ಇಲ್ಲಿ ಇಸವಿ ಸವೆದು ಹೋದದ್ದಲ್ಲ. ನಾಣ್ಯದ ಮೇಲೆ ಅದು ಬಂದೇ ಇಲ್ಲ. ಆಗ ಅಚ್ಚಿನ ಮೇಲೆ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ಅಗಲ, ಬಿಲ್ಲೆ ಸಣ್ಣದು. ಅಚ್ಚಿನಲ್ಲಿ ಅರಸನ ಪೂರ್ತಿ ಹೆಸರು, ಬಿರುದು, ವರ್ಷ ಎಲ್ಲ ಇದ್ದರೂ ಬಿಲ್ಲೆಯ ಮೇಲೆ ಬೀಳುವುದು ಅದರ ಒಂದು ತುಂಡು ಮಾತ್ರ. ವರ್ಷ ಅಂಚಿಗಿದ್ದರೆ ಅದು ಹೊರಗೇ ಉಳಿಯಿತು. ಹೊಡೆದವನ ಕೈ ಒಂದು ಬೆರಳು ಆಚೆ ಸರಿದಿದ್ದರೆ ಇಸವಿ ಬಂದು ಹೆಸರು ಹೋಗಿರುತ್ತಿತ್ತು. ಬೆಳ್ಳಿಯ ಟಂಕಕ್ಕೆ ಅಗಲವಾದ ಬಿಲ್ಲೆ ಸಿಗುತ್ತಿತ್ತು, ತಾಮ್ರಕ್ಕೆ ಯಾರು ಅಷ್ಟು ಜತನ ಮಾಡುತ್ತಾರೆ? ಅದು ಬಜಾರದಲ್ಲಿ ಉಪ್ಪು ಕೊಳ್ಳುವ ರೊಕ್ಕ.

ಹಾಗಾಗಿ ಬಹಮನಿ ತಾಮ್ರ ಓದುವುದು ಅಂದರೆ ಹರಿದ ಕಾಗದ ಓದಿದ ಹಾಗೆ. ನಮ್ಮ ಒಂದು ಬಿಲ್ಲೆಯಲ್ಲಿ ಕಾಣುವುದು ಹ, ಮ, ದ ಅನ್ನೋ ಅಕ್ಷರಗಳಷ್ಟೇ. ಅದರ ಮುಂದೆ ಅಲಿಫ್‌ನ ನೆಟ್ಟನೆಯ ಗೀಟು ಇದ್ದರೆ ಅಹ್ಮದ್. ಮೀಮ್ ಇದ್ದರೆ ಮುಹಮ್ಮದ್. ಮೀಮ್ ಜೊತೆಗೆ ಕೊನೆಯ ದಕಾರಕ್ಕೆ ಮೊದಲು ಒಂದು ವಾವ್ ಸೇರಿದರೆ ಮಹಮೂದ್. ಒಂದು ಅಕ್ಷರದ ಅಂತರದಲ್ಲಿ ಅರಸ ಬದಲಾಗುತ್ತಾನೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಮೊದಲನೇ ಅಹ್ಮದ್ ಶಾ ಪಟ್ಟಕ್ಕೆ ಬಂದದ್ದು 1422ರಲ್ಲಿ. ಮಹಮೂದ್ ಶಾ ಪಟ್ಟದಲ್ಲಿ ಇದ್ದದ್ದು 1482ರಿಂದ 1518ರ ತನಕ. ಇಬ್ಬರೂ ಪಟ್ಟಕ್ಕೆ ಬಂದ ವರ್ಷಗಳ ನಡುವೆ ಅರವತ್ತು ವರ್ಷ ಇದೆ. ನಮ್ಮ ಬಿಲ್ಲೆಯಲ್ಲಿ ದಕಾರದ ಹಿಂದೆ ಒಂದು ಸಣ್ಣ ತಲೆ ಕಾಣುತ್ತದೆ. ವಾವ್ ಅಂತ ಮೇಷ್ಟ್ರಿಗೆ ಬಲವಾದ ನಂಬಿಕೆ. ನನಗೂ ಹಾಗೇ ಕಾಣುತ್ತದೆ.

ಬಹಮನಿ ನಾಣ್ಯದಲ್ಲಿ ಇಸವಿ ಬಂದಿದ್ದರೂ ಓದುವುದು ಸಲೀಸಲ್ಲ. ಆ ಲಿಪಿಯಲ್ಲಿ ಏಳು ಅಂದರೆ ಮೇಲೆ ಬಾಯಿ ತೆರೆದ ಚಿಮಟ, ಎಂಟು ಅಂದರೆ ಅದೇ ಚಿಮಟ ಬೋರಲು. ನಾಣ್ಯವನ್ನು ತಲೆಕೆಳಗು ಹಿಡಿದರೆ ನೂರು ವರ್ಷ ಆಚೀಚೆ. ಸೊನ್ನೆ ಅಂದರೆ ಒಂದು ಚುಕ್ಕೆ, ಅದು ಎಲ್ಲಕ್ಕಿಂತ ಮೊದಲು ಅಳಿಯುತ್ತದೆ. ಸರಿಯಾಗಿ ಹಿಡಿದು 748 ಅಂತ ಓದಿದಿರಿ ಅಂದುಕೊಳ್ಳಿ. ಮೇಲಿನ ಲೆಕ್ಕಕ್ಕೇ ಹಾಕಿದರೆ 1347 ಬರುತ್ತದೆ, ಬಹಮನಿ ರಾಜ್ಯ ಶುರುವಾದ ವರ್ಷ.

ಇದಕ್ಕೂ ಹಳೆಯ ಕಾಲಕ್ಕೆ ಹೋದರೆ ಇಸವಿಯ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ತಾಲ್ಲೂಕಿನದ್ದೇ ಸನ್ನತಿ, ಅಲ್ಲಿ ಸಾತವಾಹನರ ನಾಣ್ಯ ಸಿಕ್ಕಿವೆ. ಸಾತವಾಹನರು ಸೀಸದಲ್ಲೂ ನಾಣ್ಯ ಹೊಡೆದರು, ಅರಸನ ಹೆಸರು ಹಾಕಿದರು, ವರ್ಷ ಹಾಕಲಿಲ್ಲ. ವಿಜಯನಗರದವರೂ ಅಷ್ಟೇ. ಅವುಗಳನ್ನು ಇಸವಿ ಇಲ್ಲ ಅಂತ ಯಾರೂ ತಕ್ಕಡಿಗೆ ಸುರಿಯುವುದಿಲ್ಲ. ಇರಬೇಕಾಗಿದ್ದು ಹೋದರೆ ಮಾತ್ರ ನಮಗೆ ಬೆಲೆ ಕಮ್ಮಿ ಅನ್ನಿಸುತ್ತದೆ. ಇದು ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಇಸವಿ ಇದ್ದದ್ದೇ ತಪ್ಪಾಗಿದ್ದ ಕಾಲ

ಓದುತ್ತಾ ಹೋದಾಗ ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಬಂಗಾಳದ ಕಥೆ. ಅಲ್ಲಿ ಹಿಂದೆ ರೂಪಾಯಿ ಟಂಕಸಾಲೆಯಿಂದ ಬಂದ ವರ್ಷ ಮಾತ್ರ ಪೂರ್ತಿ ಬೆಲೆಗೆ ಹೋಗುತ್ತಿತ್ತು, ಅದಕ್ಕೆ ಸಿಕ್ಕಾ ಅನ್ನುತ್ತಿದ್ದರು. ವರ್ಷ ಮಗುಚಿತು ಅಂದರೆ ಸರಾಫರು ಅಂಕಿ ನೋಡಿ ಬಟ್ಟಾ ಮುರಿಯುತ್ತಿದ್ದರು. ನಮ್ಮ ಕಡೆ ವಟ್ಟಾ ಅಂತೀವಲ್ಲ, ಅದೇ. ಹಳೆಯದಾದಷ್ಟೂ ಜಾಸ್ತಿ ಮುರಿತ, ತೂಕ ಸರಿಯಿದ್ದರೂ ಸೈ. ರೂಪಾಯಿಯ ಮೇಲಿನ ಇಸವಿಯೇ ರೈತನ ಜೇಬಿಗೆ ಕತ್ತರಿ ಆಗಿತ್ತು. ಈ ಕಾಟ ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿ 18ನೇ ಶತಮಾನದ ಕೊನೆಯಲ್ಲಿ ಒಂದು ಉಪಾಯ ಮಾಡಿತು. ಎರಡನೇ ಶಾ ಆಲಂ ಬಾದಶಹನ 19ನೇ ಪಟ್ಟದ ವರ್ಷಕ್ಕೆ ಅಂಕಿಯನ್ನು ನಿಲ್ಲಿಸಿಬಿಟ್ಟಿತು. ಆಮೇಲೆ ಯಾವ ವರ್ಷ ಹೊಡೆದರೂ ಅದರ ಮೇಲೆ 19 ಅಂತಲೇ. ಅಂಕಿ ಒಂದೇ ಆದರೆ ಹೊಸದ್ಯಾವುದು ಹಳೆಯದ್ಯಾವುದು ಹೇಗೆ ಗೊತ್ತಾಗಬೇಕು?

ಇದು ಅಲ್ಲಿಗೇ ಮುಗಿಯಲಿಲ್ಲ. ಕಂಪನಿಯ 1835, 1840ರ ರೂಪಾಯಿಗಳೂ ಅದೇ ಇಸವಿ ಹೊತ್ತು ಎಷ್ಟೋ ವರ್ಷ ಬಂದವು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ 1874ರ ತನಕ 1862 ಅಂತಲೇ ಅಚ್ಚಾಯಿತು. ಸರಿಯಾದ ವರ್ಷ ತಿಳಿಯಲು ಈಗ ಅದರ ಸಣ್ಣ ಚುಕ್ಕೆಗಳನ್ನು ಎಣಿಸುತ್ತಾರೆ. ಅಂದರೆ ಇಸವಿ ಸ್ಪಷ್ಟವಾಗಿ ಕಾಣುವ ನಾಣ್ಯವೂ ತನ್ನ ವರ್ಷವನ್ನು ನಿಜ ಹೇಳುತ್ತಿದೆ ಅನ್ನೋ ಹಾಗಿಲ್ಲ. ಆಗ ಇಸವಿ ಇದೆ ಅಂತ ಬೆಲೆ ಮುರಿದರು, ಈಗ ಇಸವಿ ಇಲ್ಲ ಅಂತ ಮುರಿಯುತ್ತಾರೆ. ಎರಡೂ ಸಲ ತಕ್ಕಡಿ ಹಿಡಿದವರು ಒಂದು ಕಡೆ, ರೊಕ್ಕದ ಅಡಚಣೆ ಇದ್ದವರು ಇನ್ನೊಂದು ಕಡೆ. ಸರಾಫ್ ಬಜಾರಿನಲ್ಲಿ ಕೂತಾಗ ಇದು ಗೊತ್ತಿದ್ದರೆ ಅವರಿಗೆ ಹೇಳುತ್ತಿದ್ದೆ ಅನ್ನಿಸುತ್ತದೆ.

ತೂಕಕ್ಕೆ ಹೋದ ನಾಣ್ಯ ಎಲ್ಲಿಗೆ ಹೋಗುತ್ತದೆ? ಕುಲುಮೆಗೆ. ಇದೂ ನಮ್ಮೂರಿಗೆ ಹೊಸದಲ್ಲ. ಬಹಮನಿ ಅರಸ ಮೊದಲನೇ ಮುಹಮ್ಮದ್ ಶಾ ಹೊಡೆಸಿದ ನಾಣ್ಯಗಳನ್ನು ಸರಾಫರು ಕರಗಿಸಿಬಿಡುತ್ತಿದ್ದರಂತೆ. ವಿಜಯನಗರ, ವಾರಂಗಲ್ಲಿನ ಅರಸರ ಚಿತಾವಣೆಯಿಂದ, ಅವರ ನಾಣ್ಯವೇ ನಡೆಯಲಿ ಅಂತ. ಅರಸ ಸಿಟ್ಟಾಗಿ ಆ ಸರಾಫರನ್ನು ಕೊಲ್ಲಿಸಿದ ಅಂತ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಭಯಂಕರ ಶಿಕ್ಷೆ. ಆದರೆ ಕರಗಿದ ಮೇಲೆ ಮೀಮ್ ಯಾವುದು, ಐನ್ ಯಾವುದು ಅಂತ ಹೇಳಲು ಯಾರಿಗೂ ಸಾಧ್ಯವಿಲ್ಲ ಅನ್ನೋದಂತೂ ನಿಜ.

ಆ್ಯಸಿಡ್

ನಮ್ಮಣ್ಣನ ಮಗ ಡಿಪ್ಲೊಮಾ ಓದುತ್ತಾನೆ. ನನ್ನ ಹುಚ್ಚು ನೋಡಿ ಅವನೂ ಹುಡುಕಾಡಿ ಒಂದು ದಿನ ಓಡಿಬಂದ. ‘ಅತ್ತಿ, ಹೋದ ಇಸ್ವಿ ವಾಪಸ್ ತರ್ಲಾಕ್ ಬರ್ತದ!’ ಅಮೆರಿಕದಲ್ಲಿ 1913ರಿಂದ 1938ರ ತನಕ ಕಾಡುಕೋಣದ ಚಿತ್ರ ಇದ್ದ ಐದು ಸೆಂಟಿನ ನಿಕ್ಕಲ್ ನಾಣ್ಯ ಹೊಡೆದರು. ಅದರ ಇಸವಿಯನ್ನು ಉಬ್ಬಿದ ಜಾಗದಲ್ಲಿ ಹಾಕಿದ್ದರಿಂದ ಕೈಯಿಂದ ಕೈಗೆ ಹೋಗುತ್ತಾ ಮೊದಲು ಅದೇ ಸವೆಯಿತು. ಇಸವಿ ಇಲ್ಲದ ಆ ನಾಣ್ಯಗಳು ಅಲ್ಲಿ ರಾಶಿ ರಾಶಿ ಇವೆ. ಅವುಗಳ ಮೇಲೆ ಫೆರಿಕ್ ಕ್ಲೋರೈಡ್ ಒಂದು ಹನಿ ಬಿಟ್ಟರೆ ಅಂಕಿಯ ನೆರಳು ಏಳುತ್ತದೆ. ಅಚ್ಚು ಒತ್ತಿದಾಗ ಅಂಕಿಯ ಅಡಿಯ ಲೋಹ ಬಿಗಿಯಾಗಿರುತ್ತದೆ, ಮೇಲಿನ ಅಂಕಿ ಸವೆದರೂ ಆ ಬಿಗಿ ಒಳಗೆ ಉಳಿದಿರುತ್ತದೆ, ಆ್ಯಸಿಡ್ ಅದನ್ನು ಬೇರೆ ರೀತಿ ತಿನ್ನುತ್ತದೆ. ವಿಷಯ ನಿಜವೇ. ಫೆರಿಕ್ ಕ್ಲೋರೈಡ್ ಅವನ ಕಾಲೇಜಿನ ಲ್ಯಾಬಿನಲ್ಲೂ ಇತ್ತು, ಸರ್ಕ್ಯೂಟ್ ಬೋರ್ಡಿನ ತಾಮ್ರ ಕರಗಿಸಲು ಬಳಸುವುದು ಅದನ್ನೇ.

ತಾಮ್ರ ಕರಗಿಸಲು! ಆ ಮಾತು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಒಂದು ತಾಮ್ರದ ಬಿಲ್ಲೆಗೆ ಹನಿ ಬಿಟ್ಟ, ಕಾಣಲಿಲ್ಲ ಅಂತ ಇನ್ನೊಂದು ಹನಿ. ಹತ್ತು ನಿಮಿಷದಲ್ಲಿ ಇದ್ದ ಅರ್ಧ ಅಕ್ಷರವೂ ಹೋಗಿ ನಾಣ್ಯದ ಮುಖ ಸಿಡುಬು ಬಿದ್ದ ಹಾಗಾಯಿತು. ಮೊದಲೇ ಹೇಳಿದೆನಲ್ಲ, ಆ ಬಿಲ್ಲೆಯಲ್ಲಿ ಇಸವಿ ಅಚ್ಚಾಗೇ ಇರಲಿಲ್ಲ. ಇಲ್ಲದ್ದನ್ನು ಯಾವ ಆ್ಯಸಿಡ್ ಎಬ್ಬಿಸಬೇಕು? ಹುಡುಗ ಅತ್ತೇಬಿಟ್ಟ. ನಾನು ಬೈಯಲಿಲ್ಲ. ಮಾಡು ಅಂದವಳು ನಾನೇ. ಸುಮಾರು ಐನೂರು ವರ್ಷ ಉಳಿದು ಬಂದದ್ದು ನಮ್ಮ ಕೈಯಲ್ಲಿ ಹತ್ತು ನಿಮಿಷಕ್ಕೆ ಹೋಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ಅಮೆರಿಕದ ನಾಣ್ಯಗಳಿಗೂ ಆ್ಯಸಿಡ್‌ನಿಂದ ಎಬ್ಬಿಸಿದ ಇಸವಿಗೆ ಸಹಜವಾಗಿ ಉಳಿದ ಇಸವಿಯ ಬೆಲೆ ಸಿಗುವುದಿಲ್ಲ ಅಂತ ಆಮೇಲೆ ಓದಿದೆ.

ಮಾರಿದ್ದು

ಹಳೇ ನಾಣ್ಯ ಮಾರುತ್ತೇನೆ ಅಂದರೆ ನಮ್ಮ ನೆಂಟರಿಷ್ಟರೆಲ್ಲ ವಾಟ್ಸಾಪ್ ಸಂದೇಶ ಕಳಿಸುತ್ತಾರೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ, ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ, ಇಸವಿ ಇಲ್ಲದ ‘ಮಿಸ್ಟೇಕ್’ ನಾಣ್ಯಕ್ಕೆ ಇನ್ನೂ ಜಾಸ್ತಿ, ಮೊದಲು ನೋಂದಣಿಗೆ ಇಷ್ಟು ಕಟ್ಟಿ. ಕಟ್ಟಬೇಡಿ. ರಿಸರ್ವ್ ಬ್ಯಾಂಕ್ ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಂದಲೂ ಶುಲ್ಕ ಕೇಳುವುದಿಲ್ಲ ಅಂತ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟು ಎಚ್ಚರಿಸಿದೆ. ಟಂಕಸಾಲೆಯಲ್ಲೇ ತಪ್ಪಿ ಇಸವಿ ಬೀಳದ ಈಗಿನ ನಾಣ್ಯ ಕೆಲವು ಇರುತ್ತವೆ, ಅವಕ್ಕೆ ಕೊಳ್ಳುವವರೂ ಇದ್ದಾರೆ. ಆದರೆ ಜೇಬಿನಲ್ಲಿ ಸವೆದು ಇಸವಿ ಹೋದದ್ದೂ ಅದೂ ಒಂದೇ ಅಲ್ಲ. ಸವೆದ ನಾಣ್ಯದಲ್ಲಿ ಸುತ್ತಲಿನ ಚಿತ್ರವೂ ಸವೆದಿರುತ್ತದೆ. ಬೀಳದ ನಾಣ್ಯದಲ್ಲಿ ಪಕ್ಕದ ಅಕ್ಷರ ಚೂಪಾಗಿರುತ್ತದೆ. ಕಣ್ಣಿಗೇ ಗೊತ್ತಾಗುತ್ತದೆ.

ನಾನು ಕೊನೆಗೆ ಹೈದರಾಬಾದಿನಲ್ಲಿ ನಾಣ್ಯ ಸಂಗ್ರಹಿಸುವವರು ಸೇರುವ ಒಂದು ಮೇಳಕ್ಕೆ ಹೋದೆ. ಇಸವಿ ಇದ್ದ ಮೂರು ಅರ್ಧ ಗಂಟೆಯಲ್ಲೇ ಹೋದವು. ಉಳಿದವುಗಳ ಮುಂದೆ ಒಂದೊಂದು ಚೀಟಿ ಬರೆದಿಟ್ಟಿದ್ದೆ: ‘ಇಸವಿ ಕಾಣುವುದಿಲ್ಲ. ಬಾಗಿಲಲ್ಲಿ ಐನ್. ಹಿಂದೆ ಜುಲೂಸ್ 13. ತೂಕ 10.8. ತಿಕ್ಕಿದ ನಾಣ್ಯ.’ ಪಕ್ಕದಲ್ಲಿ ಮೇಜು ಹಾಕಿದ್ದ ಒಬ್ಬರು ನೋಡಿ ನಕ್ಕು, ಅಷ್ಟೆಲ್ಲ ಯಾಕ್ರೀ, ಒಳ್ಳೇದೊಂದು ಇಸ್ವಿ ಅಂದಾಜು ಹೇಳ್ರಿ, ಯಾರ್ ನೋಡ್ತಾರ ಅಂದರು. ಅಂದಾಜಿಗೂ ಲೆಕ್ಕಕ್ಕೂ ವ್ಯತ್ಯಾಸ ಇದೆ. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಹಾದಿ ಬರೆಯದೆ ಉತ್ತರ ಮಾತ್ರ ಬರೆದರೆ ನಾನು ಅಂಕ ಕೊಡುವುದಿಲ್ಲ. ನನ್ನ ಚೀಟಿಯಲ್ಲೂ ಹಾದಿ ಇರಲಿ ಅನ್ನೋದು ನನ್ನ ಹಟ. ಜುಲೂಸ್ ಸಿಕ್ಕಿದ ಐದರಲ್ಲಿ ನಾಲ್ಕನ್ನು ಒಬ್ಬರೇ ಕೊಂಡರು. ಬೆಳ್ಳಿಯ ದರಕ್ಕಿಂತ ಜಾಸ್ತಿ ಕೊಟ್ಟರು. ಇಸವಿ ಇದ್ದವುಗಳ ಅರ್ಧದಷ್ಟೂ ಆಗಲಿಲ್ಲ, ಆದರೂ ಮಾಳಿಗೆ ಕೆಲಸಕ್ಕೆ ಸಾಕಾಯಿತು. ಮುಖ್ಯ ಅಂದರೆ ಅವು ಕುಲುಮೆಗೆ ಹೋಗಲಿಲ್ಲ.

ಒಂದು ಮಾತು ಹೇಳಿಬಿಡಬೇಕು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ನಾವು ನೀವು ಹೊರದೇಶಕ್ಕೆ ಕಳಿಸುವಂತಿಲ್ಲ. 1923ರ ರೂಪಾಯಿಗೆ ನೂರು ತುಂಬಿದೆ. ಇಸವಿ ಕಾಣುತ್ತಿಲ್ಲ, ನನಗೇನು ಗೊತ್ತು ಅಂತ ಅಂಚೆಗೆ ಹಾಕಿದರೆ ಅದು ಸರಿಯಲ್ಲ, ಬಾಗಿಲಲ್ಲಿ ಅಕ್ಷರ ಇದೆಯಲ್ಲ. ಇನ್ನು ಹೊಲ ಉಳುವಾಗ ಗಡಿಗೆ ಸಿಕ್ಕರೆ ಅದಕ್ಕೆ ನಿಧಿ ಕಾನೂನೇ ಬೇರೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ತಾಮ್ರ ಅಂತ ಹಗುರ ಮಾಡಬೇಡಿ. ಒಂದೇ ಗಡಿಗೆಯಲ್ಲಿ ಒಟ್ಟಿಗೆ ಇದ್ದ ನಾಣ್ಯಗಳಲ್ಲಿ ಒಂದಕ್ಕೆ ಇಸವಿ ಇದ್ದರೂ ಅದು ಪಕ್ಕದ ಇಸವಿ ಇಲ್ಲದವುಗಳ ಕಾಲ ಹೇಳಲು ನೆರವಾಗುತ್ತದೆ. ಹಂಚಿಕೊಂಡು ಚೆಲ್ಲಾಪಿಲ್ಲಿ ಮಾಡಿದರೆ ಆ ದಾರಿ ಮುಚ್ಚಿತು.

ಮಾರದೆ ಉಳಿದವು ನಾಲ್ಕು ರೂಪಾಯಿ, ಮೂರು ತಾಮ್ರದ ಬಿಲ್ಲೆ, ಆ್ಯಸಿಡ್ ತಿಂದ ಇನ್ನೊಂದು. ರೂಪಾಯಿಗಳಲ್ಲಿ ಒಂದಕ್ಕೆ ಜುಲೂಸ್ ಇದೆ, ಮೂರಕ್ಕೆ ಎರಡೂ ಬದಿ ಸಪಾಟು. ಹೋದ ದೀಪಾವಳಿಗೆ ಊರಿಗೆ ಒಯ್ದಿದ್ದೆ. ಆಯಿ ಇಲ್ಲ. ಅವ್ವ ರೂಢಿಯ ಹಾಗೆ ಹುಣಸೆಹಣ್ಣು ನೆನೆಹಾಕಿದ್ದಳು. ತಿಕ್ಕೋದು ಬೇಡ ಅಂದೆ, ಯಾಕೆ ಅಂತ ಕೂತು ಹೇಳಿದೆ. ಅವಳು ಸುಮ್ಮನೆ ಕೇಳಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಅಕ್ಕಿಯ ಮೇಲೆ ಇಟ್ಟಳು. ಪೂಜೆ ಮುಗಿದ ಮೇಲೆ ನಾನು ಚೀಟಿಗಳನ್ನು ತೆಗೆದು ಒಂದೊಂದು ರೂಪಾಯಿಗೆ ಸುತ್ತುತ್ತಿದ್ದೆ. ಅವ್ವ ಒಂದು ಚೀಟಿ ಇಸಿದುಕೊಂಡು ಓದಿಸಿಕೊಂಡಳು. ‘ತಿಕ್ಕಿದ ನಾಣ್ಯ’ ಅಂದೆ. ‘ಯಾರ್ ತಿಕ್ಯಾರ ಅಂತ ಬರದಿಲ್ಲೇನು?’ ಅಂದಳು. ಪೆನ್ನು ತಗೊಂಡು ಆಯಿಯ ಹೆಸರು ಬರೆದೆ. ಅವಳು ಸೊಸೆಯಾಗಿ ಆ ಮನೆಗೆ ಬಂದ ವರ್ಷ ಯಾವುದು ಅಂತ ಅವ್ವನನ್ನು ಕೇಳಿದೆ. ಅವ್ವ ಬೆರಳು ಮಡಚಿ ಎಣಿಸಿದಳು. ದೊಡ್ಡಪ್ಪ ಹುಟ್ಟುವ ಮುಂಚೆ ಎರಡು ವರ್ಷ, ಪೊಲೀಸ್ ಆ್ಯಕ್ಷನ್ ಆದ ಮೇಲಿನ ಬ್ಯಾಸಿಗಿ ಅಂದಳು. ಹೈದರಾಬಾದ್ ಸಂಸ್ಥಾನಕ್ಕೆ ಸೈನ್ಯ ಬಂದದ್ದು 1948ರ ಸೆಪ್ಟೆಂಬರಿನಲ್ಲಿ. ಹಾಗಾದರೆ 1949. ಅದನ್ನೂ ಬರೆದೆ.